ಗಡಿಯಾರದ ಮನೆಯ ಟ್ರಾಕ್ಟರು

ಕೈಗಡಿಯಾರಕ್ಕೆ ಹೆಸರಾದ ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯೇ ಟ್ರಾಕ್ಟರನ್ನೂ ಕಟ್ಟಿತೆಂದರೆ ಇಂದಿನ ಎಳೆಯರಿಗೆ ಸೋಜಿಗವೆನಿಸೀತು. ಜೆಕೊಸ್ಲೊವಾಕಿಯದ ಮೊಟೊಕೊವ್ ಕಂಪೆನಿಯ ಸಹಯೋಗದಿಂದ 1971ರಲ್ಲಿ ಪಿಂಜೋರಿನಲ್ಲಿ ಈ ತಯಾರಿಕೆ ಆರಂಭವಾಯಿತು. 25 ಅಶ್ವಶಕ್ತಿಯ ‘ಜೆಟರ್ 2511’ ಅದರ ಮೊದಲ ಪೀಳಿಗೆಯದು. 2016ರಲ್ಲಿ ಕೇಂದ್ರ ಸರ್ಕಾರವು ಆ ವಿಭಾಗವನ್ನು ಮುಚ್ಚಲು ನಿರ್ಧರಿಸಿತು.

ಹಳೆಯ ಟ್ರಾಕ್ಟರಿನ ಸ್ವಾರಸ್ಯವಿರುವುದು ನೆಲಕ್ಕೂ ಯಂತ್ರಕ್ಕೂ ಇರುವ ನಂಟಿನಲ್ಲಿ. ಚಿತ್ರದುರ್ಗ ಜಿಲ್ಲೆಯೊಂದನ್ನೇ ನೋಡಿರಿ. ಹಿರಿಯೂರಿನ ಎರೆಭೂಮಿ ನೆನೆದರೆ ಜಿಗುಟು, ಒಣಗಿದರೆ ಕಲ್ಲು. ಅಲ್ಲಿ ಆಳಕ್ಕಿಳಿಯುವ ನೇಗಿಲು ಬೇಕು. ಕೆಸರುಗದ್ದೆಗಾದರೆ ಕಬ್ಬಿಣದ ಕೇಜ್ ವೀಲು. ಹೊಳಲ್ಕೆರೆಯ ಅಡಕೆ ತೋಟದ ಇಕ್ಕಟ್ಟಿನ ಸಾಲುಗಳಿಗೆ ಪುಟ್ಟ ಪವರ್ ಟಿಲ್ಲರೇ ಲೇಸು.

ತಯಾರಿಕೆ ನಿಂತ ಯಂತ್ರ ಒಮ್ಮೆ ಗುಜರಿಗೆ ಹೋದರೆ ಮರಳಿ ಬಾರದು. ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿರುವ ಟ್ರಾಕ್ಟರು ಒಂದು ಸೀಮೆಯ ಬೇಸಾಯದ ದಾಖಲೆ. ತೂಕಕ್ಕೆ ಮಾರುವ ಮುನ್ನ ಮನೆಯವರು ಎರಡು ಬಾರಿ ಯೋಚಿಸುವುದು ಒಳಿತು.