ಮೋಡದ ಬೆನ್ನು ಹತ್ತಿದವರು

ಕೃತ್ತಿಕೆ ಮುಗಿದು ರೋಹಿಣಿ ಕೂಡುವ ದಿನಗಳು ಎಂಥವೆಂಬುದನ್ನು ನಮ್ಮ ಒಕ್ಕಲಿಗ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಜಾನೆಯಿಂದಲೇ ಬಿಸಿಲು ಸುಡುತ್ತದೆ. ಮಧ್ಯಾಹ್ನ ಎಲೆ ಅಲುಗುವುದಿಲ್ಲ. ಇಳಿಹೊತ್ತಿಗೆ ಕರಿಮೋಡ ಗೋಪುರದಂತೆ ಏಳುತ್ತದೆ. ಅದನ್ನು ಕಂಡೊಡನೆ ನಾವು ಕಣಿಕೆಯ ಬಣವೆ ಮುಚ್ಚಲು, ದನಗಳನ್ನು ಕೊಟ್ಟಿಗೆಗೆ ಹೊಡೆಯಲು ಓಡುತ್ತೇವೆ. ಆದರೆ ಅಮೇರಿಕದ ಒಕ್ಲಹೋಮ ಸೀಮೆಯಲ್ಲಿ ಅಂಥ ಮೋಡವನ್ನೇ ಹುಡುಕಿಕೊಂಡು ಮೋಟಾರಿನಲ್ಲಿ ಹೊರಡುವ ಜನರಿದ್ದಾರೆ. ಹುಚ್ಚರೆಂದು ನಗುವ ಮೊದಲು ಅವರ ಕೆಲಸವನ್ನು ತುಸು ನೋಡೋಣ.

ಅದು ಗೋದಿ ಬೆಳೆಯುವ ಬಯಲುಸೀಮೆ. ದಕ್ಷಿಣದ ಕಡಲಿನಿಂದ ಹಸಿಗಾಳಿ ನೆಲಕ್ಕೆ ಹತ್ತಿ ಬರುತ್ತದೆ. ಪಶ್ಚಿಮದಿಂದ ಒಣಗಾಳಿ ಅದರ ಮೇಲೆ ಹಾಯುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುವುದರಿಂದ, ಏರುವ ಮೋಡ ಬುಗುರಿಯಂತೆ ತಿರುಗತೊಡಗುತ್ತದೆ. ಅಂಥವುಗಳಲ್ಲಿ ಕೆಲವು ಸುಂಟರಗಾಳಿಯ ಸೊಂಡಿಲನ್ನು ನೆಲಕ್ಕೆ ಇಳಿಬಿಡುತ್ತವೆ.

1973ನೆಯ ಇಸವಿ ಮೇ 24ರಂದು ಯೂನಿಯನ್ ಸಿಟಿ ಎಂಬ ಊರಿನಲ್ಲಿ ಇಂಥ ಸೊಂಡಿಲು ಇಳಿಯಿತು. ಬೆನ್ನು ಹತ್ತಿದ್ದ ತಂಡದವರು ದಾರಿಯಲ್ಲಿ ನಿಂತು ಅದರ ಹುಟ್ಟಿನಿಂದ ಕೊನೆಯವರೆಗೂ ಚಿತ್ರ ತೆಗೆದರು. ಅದೇ ಹೊತ್ತಿಗೆ ನಾರ್ಮನ್ ಪಟ್ಟಣದ ಪ್ರಯೋಗಶಾಲೆಯ ಡಾಪ್ಲರ್ ರೇಡಾರ್ ಅದೇ ಮೋಡವನ್ನು ನೋಡುತ್ತಿತ್ತು. ಮಳೆಹನಿಗಳು ತನ್ನ ಕಡೆಗೆ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಎಂಬುದನ್ನು ಈ ಯಂತ್ರ ಅಳೆಯುತ್ತದೆ. ಎರಡನ್ನೂ ಮುಂದೆ ತಾಳೆ ನೋಡಿದಾಗ, ಸೊಂಡಿಲು ನೆಲ ಮುಟ್ಟುವ ಮೊದಲೇ ಮೋಡದೊಳಗಿನ ಸುತ್ತು ರೇಡಾರಿಗೆ ಕಂಡಿತ್ತೆಂದು ತಿಳಿಯಿತು. ಯಂತ್ರಕ್ಕೆ ಕಂಡದ್ದು ನಿಜವೆಂದು ಹೇಳಲು ದಾರಿಯಲ್ಲಿ ನಿಂತ ಕಣ್ಣು ಬೇಕಾಯಿತು. 1990ರ ದಶಕದಲ್ಲಿ ಆ ದೇಶದ ಉದ್ದಗಲಕ್ಕೂ ಇಂಥ ರೇಡಾರುಗಳು ನಿಂತವು. ಹೊಲದಲ್ಲಿದ್ದವನಿಗೆ ನೆಲಮಾಳಿಗೆ ಸೇರಲು ಕೆಲವು ನಿಮಿಷಗಳಾದರೂ ಸಿಕ್ಕವು.

ಈ ವಿದ್ಯೆಗೆ ಬೆಲೆಯನ್ನೂ ತೆರಬೇಕಾಯಿತು. ಟಿಮ್ ಸಮಾರಾಸ್ ಎಂಬವರು ಸುಂಟರಗಾಳಿಯ ದಾರಿಯಲ್ಲಿಯೇ ಅಳತೆಯ ಯಂತ್ರವಿಟ್ಟು ಬರುವುದರಲ್ಲಿ ನಿಪುಣರು. 2003ರ ಜೂನ್ 24ರಂದು ದಕ್ಷಿಣ ಡಕೋಟದ ಮ್ಯಾಂಚೆಸ್ಟರ್ ಹಳ್ಳಿಯ ಬಳಿ ಅವರ ಯಂತ್ರ, ವಾಯುಭಾರ 100 ಮಿಲಿಬಾರಿನಷ್ಟು ಒಮ್ಮೆಲೆ ಕುಸಿದುದನ್ನು ದಾಖಲಿಸಿತು. ಅದೇ ಸಮಾರಾಸ್ 2013ರ ಮೇ 31ರಂದು ಒಕ್ಲಹೋಮದ ಎಲ್ ರೀನೋ ಬಳಿ ಮಗ ಪಾಲ್ ಮತ್ತು ಜೊತೆಗಾರ ಕಾರ್ಲ್ ಯಂಗ್ ಅವರೊಡನೆ ಸುಂಟರಗಾಳಿಗೆ ಬಲಿಯಾದರು. ಅಂದಿನ ಗಾಳಿಯ ಅಗಲ 4 ಕಿಲೋಮೀಟರಿಗೂ ಹೆಚ್ಚು. ಅದು ಥಟ್ಟನೆ ದಿಕ್ಕು ಬದಲಿಸಿ ವೇಗ ಹೆಚ್ಚಿಸಿತ್ತು. ಅಷ್ಟು ವರ್ಷ ಮೋಡ ಓದಿದವರ ಲೆಕ್ಕವೂ ತಪ್ಪಿತು.

ಹಾಗಾದರೆ ಕೈಯಲ್ಲಿ ಕುಡಗೋಲು ಹಿಡಿದು ಬಯಲಲ್ಲಿ ನಿಂತ ನಮ್ಮ ಪಾಡೇನು? ನಮ್ಮ ಕಡೆ ಸುಂಟರಗಾಳಿಗಿಂತ ಸಿಡಿಲಿನ ಭಯವೇ ದೊಡ್ಡದು. ಬೇಸಿಗೆ ಬಂದಿತೆಂದರೆ ಮರದಡಿ ನಿಂತವರು ಸಿಡಿಲಿಗೆ ತುತ್ತಾದ ಸುದ್ದಿ ಬಂದೇ ಬರುತ್ತದೆ. ಮೋಡದ ದೂರ ತಿಳಿಯಲು ರೇಡಾರೇ ಬೇಕೆಂದಿಲ್ಲ. ಮಿಂಚು ಕಂಡೊಡನೆ ಎಣಿಸತೊಡಗಿರಿ. ಸದ್ದು ಒಂದು ಕಿಲೋಮೀಟರು ಬರಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಮೋಡ 10 ಕಿಲೋಮೀಟರಿನ ಒಳಗಿದೆ. ಅಷ್ಟು ದೂರಕ್ಕೂ ಸಿಡಿಲು ಚಾಚಬಲ್ಲದು. ಕೂಡಲೇ ಪಕ್ಕಾ ಮನೆ ಸೇರಿರಿ. ಕಡೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಹೊರಬರಬೇಡಿರಿ.

ಹುಣಸೆಮರವಾಗಲಿ ಬೇವಿನಮರವಾಗಲಿ ಆಸರೆಯಲ್ಲ; ದನಗಳನ್ನೂ ಅದರ ಕೆಳಗೆ ಕಟ್ಟಬಾರದು. ತಂತಿಬೇಲಿ, ಪಂಪುಗಳಿಂದ ದೂರವಿರಬೇಕು. ಮನೆ ದೂರವಿದ್ದರೆ ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂಡಬೇಕು, ಮಲಗಬಾರದು. ಸಂಚಾರಿ ದೂರವಾಣಿ ಇದ್ದವರು ಪುಣೆಯ ಹವಾಮಾನ ಸಂಶೋಧನ ಸಂಸ್ಥೆಯವರ ‘ದಾಮಿನಿ’ಯನ್ನು ಹಾಕಿಸಿಕೊಂಡರೆ, ಸುತ್ತಲಿನ ಸಿಡಿಲಿನ ಎಚ್ಚರಿಕೆ ಕೈಯಲ್ಲಿಯೇ ದೊರೆಯುತ್ತದೆ.

ನೆನೆದ ಕಣಿಕೆಯನ್ನು ಮರುದಿನದ ಬಿಸಿಲು ಒಣಗಿಸೀತು. ಮೋಡದ ಬೆನ್ನು ಹತ್ತುವವರು ಹತ್ತಲಿ. ಅದು ಗುಡುಗಿದೊಡನೆ ಮನೆಯ ದಾರಿ ಹಿಡಿಯುವುದೇ ಒಕ್ಕಲಿಗನ ಜಾಣತನವೆಂದು ನಾವು ತಿಳಿಯುತ್ತೇವೆ.