ಮೊಳಕೆ ಕಾಳು ಬೇಯಿಸಿ ತಿನ್ನಿ

ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟಾಗ ಬೆಳೆಯುವುದು ಮೊಳಕೆ ಮಾತ್ರವಲ್ಲ. ಕಾಳಿನ ಸಿಪ್ಪೆಯ ಮೇಲೂ ಒಳಗೂ ಬ್ಯಾಕ್ಟೀರಿಯಾಗಳಿರುತ್ತವೆ. ಕೆಲವು ತಾಯಿ ಗಿಡದಿಂದಲೇ ಬಂದವು. ನೀರು ಸೋಕಿದೊಡನೆ ಅವು ಹೆಚ್ಚಿ ಎಳೆಬೇರಿನಲ್ಲಿ ನೆಲೆಸುತ್ತವೆ. ಇವುಗಳಲ್ಲಿ ಕೆಲವು ಸಸಿಯ ಬೆಳವಣಿಗೆಗೆ ನೆರವಾಗುತ್ತವೆ, ರೋಗಾಣುಗಳನ್ನು ತಡೆಯುತ್ತವೆ.

ಆದರೆ ಹಸಿ ಗೊಬ್ಬರ, ಕೊಳಕು ನೀರಿನಿಂದ ಕಾಳಿಗೆ ಅಂಟಿದ ಹಾನಿಕರ ಬ್ಯಾಕ್ಟೀರಿಯಾಗಳಿಗೂ ಅದೇ ತೇವ, ಅದೇ ಬೆಚ್ಚಗಿನ ಜಾಗ ಸಾಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು.

ತೊಳೆದ ಮಾತ್ರಕ್ಕೆ ಇವು ಪೂರ್ತಿ ಹೋಗುವುದಿಲ್ಲ. ಶುದ್ಧ ನೀರು, ಒಗೆದ ಬಟ್ಟೆ ಬಳಸಿ. ಮೊಳೆತ ಕಾಳನ್ನು ಫ್ರಿಜ್‌ನಲ್ಲಿಡಿ. ಇಫ್ತಾರ್‌ಗಾಗಲಿ ಸಹರಿಗಾಗಲಿ ಮಕ್ಕಳು, ಗರ್ಭಿಣಿಯರು, ವೃದ್ಧರಿಗೆ ಚೆನ್ನಾಗಿ ಬೇಯಿಸಿಯೇ ಕೊಡಿ.