ಚಿತ್ತಾಪುರದ ಒತ್ತಕ್ಷರ ಪರದೆಗೆ ಬಂದ ಬಗೆ

ಕನ್ನಡ ಪದವೊಂದು ಕಂಪ್ಯೂಟರಿನ ಸ್ಮೃತಿಯಲ್ಲಿ ಕೂತಿರುವ ಕ್ರಮ ಬೇರೆ, ಅದು ಪರದೆಯ ಮೇಲೆ ಮೂಡುವ ರೂಪ ಬೇರೆ. ಸಂಕೇತಗಳ ಸರಣಿಯನ್ನು ಓದಿ, ಫಾಂಟಿನೊಳಗಿನ ಯಾವ ಆಕೃತಿಯನ್ನು ಎಲ್ಲಿ ಇಡಬೇಕೆಂದು ನಿರ್ಧರಿಸುವ ತಂತ್ರಾಂಶವನ್ನು ಶೇಪಿಂಗ್ ಎಂಜಿನ್ ಎನ್ನುತ್ತಾರೆ. ಕಲಬುರಗಿ ಜಿಲ್ಲೆಯ ಊರುಗಳ ಹೆಸರುಗಳಲ್ಲೇ ಅದರ ಕೆಲಸದ ಬಗೆಬಗೆಯ ಮಾದರಿಗಳು ಸಿಗುತ್ತವೆ. ವಾಡಿಯ ನಾಲ್ಕು ಸಂಕೇತಗಳು ಬಂದ ಕ್ರಮದಲ್ಲೇ ನಿಲ್ಲುತ್ತವೆ. ಸೇಡಂನ ಏತ್ವ ಒಂದೇ ಸಂಕೇತವಾದರೂ ಎತ್ವ ಮತ್ತು ದೀರ್ಘವಾಗಿ ಒಡೆಯುತ್ತದೆ. ಚಿಂಚೋಳಿಯ ಓತ್ವ ಮೂರು ತುಂಡಾಗುತ್ತದೆ. ಶಹಾಬಾದ್ ಸ್ವರವಿಲ್ಲದ ದಕಾರದಲ್ಲಿ ಮುಗಿಯುವುದರಿಂದ ಅಲ್ಲಿ ಹಲಂತ ಚಿಹ್ನೆ ಕಣ್ಣಿಗೆ ಕಾಣುವಂತೆ ಉಳಿಯಬೇಕು. ಎಲ್ಲಕ್ಕಿಂತ ತೊಡಕಿನದು ಚಿತ್ತಾಪುರ: ಅಲ್ಲಿ ಎರಡನೆಯ ತಕಾರದ ನಂತರ ದಾಖಲಾದ ದೀರ್ಘವು ಮೊದಲನೆಯ ತಕಾರಕ್ಕೆ ಅಂಟಿಕೊಂಡು, ಎರಡನೆಯದು ಒತ್ತಾಗಿ ಕೆಳಗಿಳಿಯಬೇಕು. (2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾದಾಗ ಒಂದು ಒತ್ತು, ಒಂದು ಅರ್ಕಾವತ್ತು ಎರಡೂ ಹೋಗಿ ಜಿಲ್ಲೆಯ ಹೆಸರು ಈ ಎಂಜಿನ್‌ಗೆ ಬಹಳ ಹಗುರವಾಯಿತು, ಆಡಳಿತ ಇದನ್ನು ಉದ್ದೇಶಿಸಿರಲಾರದು.)

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಮೊದಲ ದಿನಗಳಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಅಕ್ಷರದ ತುಂಡುಗಳನ್ನೇ ಸಂಕೇತಗಳಾಗಿ ಉಳಿಸಿಡುತ್ತಿದ್ದುದರಿಂದ ಜೋಡಣೆ ಟೈಪು ಮಾಡುವಾಗಲೇ ಮುಗಿದಿರುತ್ತಿತ್ತು, ಆದರೆ ಆ ಫಾಂಟಿಲ್ಲದ ಯಂತ್ರದಲ್ಲಿ ಬರೆದದ್ದೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಅಕ್ಷರವನ್ನು ಮಾತ್ರ ಉಳಿಸಿ ಆಕೃತಿಯ ಹೊಣೆಯನ್ನು ಎಂಜಿನ್‌ಗೆ ಬಿಟ್ಟಿತು. ವಿಂಡೋಸ್‌ನಲ್ಲಿ ಆ ಹೊಣೆ ಯುನಿಸ್ಕ್ರೈಬ್ ಎಂಬ ಎಂಜಿನ್‌ನದಾಗಿತ್ತು. ಮುಕ್ತ ತಂತ್ರಾಂಶ ಜಗತ್ತಿನಲ್ಲಾದರೋ ಫ್ರೀಟೈಪ್ ಯೋಜನೆಯ ಹಳೆಯ ತಂತ್ರಾಂಶಭಾಗವೊಂದನ್ನು ಗ್ನೋಮ್ ಡೆಸ್ಕ್‌ಟಾಪಿನ ಪ್ಯಾಂಗೋ ಮತ್ತು ಕೆಡಿಇ ಡೆಸ್ಕ್‌ಟಾಪಿನ ಆಧಾರವಾದ ಕ್ಯೂಟಿ ತಮ್ಮತಮ್ಮಲ್ಲಿ ನಕಲಿಸಿಕೊಂಡು ಬೇರೆಬೇರೆ ದಿಕ್ಕಿನಲ್ಲಿ ಬೆಳೆಸಿದ್ದವು. ಓಪನ್ ಆಫೀಸ್ ನೆಚ್ಚಿಕೊಂಡಿದ್ದ ಐಸಿಯು ಮೂರನೆಯದು. ಒಂದೇ ಸಾಲು ಒಂದೇ ಯಂತ್ರದ ಎರಡು ಕಿಟಕಿಗಳಲ್ಲಿ ಎರಡು ಬಗೆಯಾಗಿ ಕಾಣಲು ಇದಿಷ್ಟು ಸಾಕಿತ್ತು.

2006ರ ಸುಮಾರಿಗೆ ಪ್ಯಾಂಗೋ ಮತ್ತು ಕ್ಯೂಟಿಯ ಕವಲುಗಳನ್ನು ಹಾರ್ಫ್‌ಬಜ್ ಎಂಬ ಹೆಸರಿನಡಿ ಒಟ್ಟುಗೂಡಿಸಲಾಯಿತು. ಇದು ಹಳೆಯ ತಂತ್ರಾಂಶವನ್ನೇ ಸ್ವಚ್ಛಗೊಳಿಸುವ ಮಾರ್ಗವಾಗಿತ್ತು, ಮತ್ತು ಅದು ಸಾಲಲಿಲ್ಲ. ಆ ತಂತ್ರಾಂಶವು ಫಾಂಟಿನೊಳಗಿನ ಕೋಷ್ಟಕಗಳನ್ನೆಲ್ಲ ಸ್ಮೃತಿಗೆ ನಕಲಿಸಿಕೊಳ್ಳುತ್ತಿತ್ತು. ಫಾಂಟು ಸರಿಯಾಗಿಯೇ ಇರುತ್ತದೆಂಬ ನಂಬಿಕೆ ಅದರ ಬುಡದಲ್ಲಿತ್ತು. ಜಾಲತಾಣಗಳು ತಮ್ಮ ಫಾಂಟನ್ನು ತಾವೇ ಕಳಿಸತೊಡಗಿದ ಮೇಲೆ, ಅಂದರೆ ಫಾಂಟು ಅಪರಿಚಿತರಿಂದ ಬರತೊಡಗಿದ ಮೇಲೆ, ಆ ನಂಬಿಕೆ ಭದ್ರತೆಯ ದೋಷವಾಯಿತು. ಬುಡದ ನಂಬಿಕೆ ತಪ್ಪಾದಾಗ ಮೇಲಿನ ಸಾಲುಗಳನ್ನು ಎಷ್ಟು ಒಪ್ಪಮಾಡಿದರೂ ಫಲವಿಲ್ಲವೆಂದು ಕಂಡ ತಂತ್ರಾಂಶ ಅಭಿವರ್ಧಕ ಬೆಹದಾದ್ ಎಸ್ಫಹಬೋದ್ ಇಡೀ ಎಂಜಿನ್ನನ್ನು ಅದೇ ಹೆಸರಿನಲ್ಲಿ ಮೊದಲಿನಿಂದ ಬರೆದರು. ಕೋಷ್ಟಕಗಳನ್ನು ಇದ್ದಲ್ಲೇ ಓದುವುದು, ಓದುವ ಮುನ್ನ ಪ್ರತಿಯೊಂದನ್ನೂ ಪರೀಕ್ಷಿಸುವುದು ಅದರ ಮೂಲ ವಿನ್ಯಾಸವಾಯಿತು. ಭಾರತೀಯ ಲಿಪಿಗಳ ಭಾಗದಲ್ಲಿ ಮೊಜಿಲ್ಲಾದ ಜೊನಾಥನ್ ಕ್ಯೂ ಕೈಜೋಡಿಸಿದರು.

ಆದರೆ ಹೊಸದಾಗಿ ಬರೆದದ್ದು ಸರಿಯಿದೆಯೆಂದು ತಿಳಿಯುವುದು ಹೇಗೆ? ಫಾಂಟು, ಎಂಜಿನ್ ಎರಡೂ ಪಾಲಿಸಬೇಕಾದ ಲಿಖಿತ ನಿಯಮ ಅಪೂರ್ಣವಾಗಿತ್ತು, ಫಾಂಟು ರೂಪಿಸುವವರು ನಿಯಮಕ್ಕಿಂತ ಹೆಚ್ಚಾಗಿ ಯುನಿಸ್ಕ್ರೈಬ್‌ನ ನಡವಳಿಕೆಯನ್ನು ನೋಡಿ ಕೆಲಸ ಮಾಡಿದ್ದರು. ಆದ್ದರಿಂದ ಮೈಕ್ರೋಸಾಫ್ಟಿನ ಆ ಮುಚ್ಚಿದ ಎಂಜಿನ್ನೇ ಒರೆಗಲ್ಲಾಯಿತು: ವಿಕಿಪೀಡಿಯದಿಂದ ಆಯ್ದ ಪದಗಳನ್ನು ಎರಡರ ಮೂಲಕವೂ ಹಾಯಿಸಿ ಫಲಿತಾಂಶಗಳನ್ನು ಹೋಲಿಸಲಾಯಿತು. ಕನ್ನಡದ ಪಾಲಿಗೆ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಪದಗಳು ಬಂದವು. 2012ರ ಹೊತ್ತಿಗೆ ತಾಳೆಯಾಗದವು ಶೇ 0.1ಕ್ಕಿಂತ ಕಡಿಮೆ.

ಹೊಸ ಬರವಣಿಗೆಯ ನಿಜವಾದ ಶ್ರಮ ಇದ್ದದ್ದು ಆ ಕೊನೆಯ ಶೇಷದಲ್ಲಿ. ಲಿಖಿತ ನಿಯಮಕ್ಕೆ ಹಳೆಯದು, ಹೊಸದು ಎಂಬ ಎರಡು ರೂಪಗಳಿವೆ: ಹಳೆಯ ನಿಯಮದ ಫಾಂಟುಗಳು ಒತ್ತಿನ ಹಲಂತ ತನ್ನ ವ್ಯಂಜನದ ನಂತರ ಬರಬೇಕೆಂದು ನಿರೀಕ್ಷಿಸಿದರೆ ಹೊಸ ನಿಯಮದವು ಮೊದಲೇ ಬರಬೇಕೆನ್ನುತ್ತವೆ. ಎರಡೂ ಬಗೆಯ ಫಾಂಟುಗಳು ಬಳಕೆಯಲ್ಲಿರುವುದರಿಂದ ಹಳೆಯದಕ್ಕಾಗಿ ಎಂಜಿನ್ ಹಲಂತವನ್ನು ಕೊನೆಯ ವ್ಯಂಜನದ ಆಚೆಗೆ ಸರಿಸಬೇಕು. ದೇವನಾಗರಿ, ಬಂಗಾಳಿ, ಮಲಯಾಳಂಗಳಲ್ಲಿ ಇದು ಎಲ್ಲ ಸಂದರ್ಭದಲ್ಲೂ ನಡೆಯುತ್ತದೆ. ಕನ್ನಡದಲ್ಲಿ ಮಾತ್ರ, 'ಚ್ಚ್' ಎಂಬಂತೆ ಕೊನೆಯಲ್ಲಿ ಹಲಂತ ಮೊದಲೇ ಇದ್ದರೆ, ಯುನಿಸ್ಕ್ರೈಬ್ ಸರಿಸುವುದಿಲ್ಲ. ಕಾರಣ ಎಲ್ಲೂ ಬರೆದಿರಲಿಲ್ಲ. ಹಾರ್ಫ್‌ಬಜ್ ಕನ್ನಡದ ಹೆಸರು ಹೇಳಿಯೇ ಆ ಅಪವಾದವನ್ನು ಸೇರಿಸಿಕೊಂಡಿತು. 'ಕಾರ್ಯ'ದ ಅರ್ಕಾವತ್ತು ಬೇಡವಾಗಿ 'ರ‍್ಯಾಂಕ್' ಎಂದು ಪೂರ್ಣ ರಕಾರ ಬೇಕಾದಾಗ ನಡುವೆ ಹಾಕುವ, ಕಣ್ಣಿಗೆ ಕಾಣದ ಜೋಡಕದ ವಿಷಯವೂ ಹೀಗೆಯೇ: ಯೂನಿಕೋಡ್ ಅದನ್ನು ಹಲಂತಕ್ಕೆ ಮೊದಲು ಇಡಬೇಕೆನ್ನುತ್ತದೆ, ಹಳೆಯ ಕನ್ನಡ ಕಡತಗಳಲ್ಲಿ ಅದು ನಂತರ ಇದೆ, ಎಂಜಿನ್ ಎರಡನ್ನೂ ಒಂದೇ ಎಂದು ಒಪ್ಪಿಕೊಳ್ಳುತ್ತದೆ. ಇಂಥ ಸಾಲುಗಳು ವಿನ್ಯಾಸದ ಅಂದಗೆಡಿಸುತ್ತವೆಂಬುದು ನಿಜ. ಆದರೆ ಅವನ್ನು ಕಸವೆಂದು ಗುಡಿಸಿಹಾಕುವ ಹೊಸ ಬರವಣಿಗೆ ಓದುಗರ ಹಳೆಯ ಕಡತಗಳನ್ನು ಕೆಡಿಸಿಯೇ ತೀರುತ್ತದೆ.

ಹಾರ್ಫ್‌ಬಜ್‌ನ 1.0 ಆವೃತ್ತಿ 2015ರಲ್ಲಿ ಬಂದಿತು. ಪ್ಯಾಂಗೋ, ಕ್ಯೂಟಿ, ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಇದನ್ನು ಅಳವಡಿಸಿಕೊಂಡವು. ಲಿಬ್ರೆ ಆಫೀಸ್ 2017ರ 5.3 ಆವೃತ್ತಿಯಲ್ಲಿ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಿಗೂ ಇದನ್ನೇ ಬಳಸತೊಡಗಿತು. ಐಸಿಯು ತನ್ನ ಎಂಜಿನ್ನನ್ನು ಕೈಬಿಟ್ಟಿತು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿರುವ ಈ ಹಾರ್ಫ್‌ಬಜ್ಜನ್ನೇ ಈಗ ಸ್ಮೃತಿಯ ದೋಷಗಳಿಗೆ ಅವಕಾಶ ಕೊಡದ ರಸ್ಟ್ ಭಾಷೆಯಲ್ಲಿ ಮರುಬರೆಯಲಾಗಿದೆ, ಮೊದಲು ರಸ್ಟಿಬಜ್ ಆಗಿ, ಅನಂತರ ಹಾರ್ಫ್‌ರಸ್ಟ್ ಆಗಿ. ಈ ಬಾರಿ ಒರೆಗಲ್ಲು ಹಾರ್ಫ್‌ಬಜ್‌ನದೇ ಪರೀಕ್ಷೆಗಳು, ಮತ್ತು ಕನ್ನಡದ ಹಲಂತದ ಅಪವಾದವೂ ಹೊಸ ಭಾಷೆಗೆ ಜೊತೆಯಲ್ಲೇ ಬಂದಿದೆ.